ಸತ್ತ ರಂಗಮ್ಮನ ಸಾಲಿನಲ್ಲಿ ಬದುಕಿರುವ ಹುಚ್ಚಮ್ಮ

ಮಾನ್ಯ ನಿವೇಶನಾಧಿಕಾರಿಗಳೇ,

ಪಾಲಿಬೆಟ್ಟದ ಕಡೆಯ ಎಸ್ಟೇಟಿನಲ್ಲಿ ಹುಟ್ಟಿದ ಸಿದ್ದರಾಜು ಎಂಬಾತ ಕುಶಾಲನಗರದ ಬಳಿ ಮನೆ ಕಟ್ಟಲು ಜಾಗ ಕೇಳಿ ಹಾಕಿದ್ದ ಅರ್ಜಿಯನ್ನು ತಾವು ಕಳೆದ ವಾರ ವಜಾ ಮಾಡಿದಿರಿ. ತಾಯಿ ಹುಚ್ಚಮ್ಮ ಎಂದು ಬರೆದುಕೊಟ್ಟಿದ್ದಾನೆ, ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಹೆಂಗಸೇ ಇಲ್ಲ, ಆದ್ದರಿಂದ ವಂಶಾವಳಿ ಸುಳ್ಳು ಎಂಬುದು ತಮ್ಮ ತೀರ್ಪು. ಎಂಥ ಸೂಕ್ಷ್ಮ ಪರಿಶೀಲನೆ! ಆ ಪುಸ್ತಕವನ್ನು ಇಪ್ಪತ್ತೆರಡು ವರ್ಷ ಬರೆದ ರೈಟರ್ ನಾನು. ಸುಳ್ಳು ಬರೆದವನು ಸಿದ್ದರಾಜು ಅಲ್ಲ, ನಾನು. ಹೀಗೆ ಪತ್ರಿಕೆಯಲ್ಲಿ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ತಮ್ಮ ಕಚೇರಿಗೆ ಎರಡು ಸಲ ಬಂದು ಹೇಳಿದೆ, ಕೇಳಿಸಿಕೊಳ್ಳುವವರಿರಲಿಲ್ಲ.

1931ರಲ್ಲಿ ಕಾಫಿ ಹಣ್ಣು ಕುಯ್ಯುವ ಪಿಕಿಂಗ್ ಹೊತ್ತಿನಲ್ಲಿ ರಂಗಮ್ಮ ಎಂಬ ಆಳು ಜ್ವರದಿಂದ ತೀರಿಕೊಂಡಳು. ಪುಸ್ತಕದಿಂದ ಒಂದು ಹೆಸರು ಹೊಡೆಯಬೇಕಾದರೆ ಎಸ್ಟೇಟಿನ ಬಿಳಿ ದೊರೆಗೆ ಇಂಗ್ಲಿಷಿನಲ್ಲಿ ಕಾರಣ ಬರೆದುಕೊಡಬೇಕಿತ್ತು. ನನ್ನ ಇಂಗ್ಲಿಷನ್ನು ದೊರೆ ಎಲ್ಲರೆದುರು ಓದಿ ನಗುತ್ತಿದ್ದ. ಹಾಗಾಗಿ ಆ ಹೆಸರನ್ನು ಹೊಡೆಯದೆ ಬಿಟ್ಟೆ. ಮರುವಾರ ಅರಕಲಗೂಡಿನ ಕಡೆಯಿಂದ ಹುಚ್ಚಮ್ಮ ಕೆಲಸಕ್ಕೆ ಬಂದಳು. "ಪುಸ್ತಕ್ದಾಗೆ ರಂಗಮ್ಮನ್ ಸಾಲು ಖಾಲಿ ಐತಲ್ಲ ರೈಟ್ರೇ, ಅದ್ರಲ್ಲೇ ನಡೀಲಿ ಬಿಡಿ" ಎಂದ ಮೇಸ್ತ್ರಿ ಸುಬ್ಬ. ಸತ್ತವರ, ಓಡಿಹೋದವರ ಸಾಲಿನಲ್ಲಿ ಹೊಸಬರನ್ನು ನಡೆಸುವುದು ನಮ್ಮಲ್ಲಿ ರೂಢಿಯೇ ಆಗಿತ್ತು. "ಅಣ್ಣಾ, ನನ್ ಹೆಸ್ರು ಅದಲ್ಲ" ಎಂದು ಅವಳು ಮೊದಮೊದಲು ಹೇಳಿದ್ದುಂಟು. "ಚೀಲ ಕಟ್ಕೊಂಡು ನಡಿಯಮ್ಮ" ಎಂದಿದ್ದೆ. ಆಮೇಲೆ ದಿನಾ ಬೆಳಿಗ್ಗೆ ನಾನು ರಂಗಮ್ಮ ಎಂದು ಕೂಗುವುದು, ಅವಳು "ಇವ್ನಿ" ಎನ್ನುವುದು.

ತಾವು ನಂಬಿರುವ ಪುಸ್ತಕದ ಪ್ರಕಾರ ಸತ್ತ ರಂಗಮ್ಮ ಇಪ್ಪತ್ತೆರಡು ವರ್ಷ ಕಾಫಿ ಕುಯ್ದಿದ್ದಾಳೆ. ಸತ್ತ ಎರಡನೇ ವರ್ಷ ಬಾಣಂತನಕ್ಕೆ ರಜೆಯನ್ನೂ ಹಾಕಿದ್ದಾಳೆ! ಆ ಮಗುವೇ ತಮ್ಮ ಮೇಜಿನೆದುರು ಕೈಕಟ್ಟಿ ನಿಂತಿದ್ದ ಸಿದ್ದರಾಜು. ಅವನ ತಾಯಿಯನ್ನು ಒಂದು ಸಲ ಕರೆಸಿ ಕೇಳಿದ್ದರೆ ಸರ್ಕಾರಕ್ಕೆ ಏನು ನಷ್ಟವಾಗುತ್ತಿತ್ತು?

ನಾನು ಹೋಗಿ ಕೇಳಿದೆ. ಆಳುಗಳ ಲೈನ್ ಮನೆಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಬೆನ್ನ ಹಿಂದಿನಿಂದ "ಹುಚ್ಚಮ್ಮಾ" ಎಂದೆ. ತಿರುಗಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಕರೆದೆ. ಊಹೂಂ. ಕೊನೆಗೆ "ರಂಗಮ್ಮಾ" ಎಂದೆ. "ಇವ್ನಿ" ಎಂದು ಮೊರ ಬದಿಗಿಟ್ಟು ಎದ್ದು ನಿಂತಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿರಿಯರು ಯಾರು ಎಂದು ಕೇಳಿದ್ದಕ್ಕೆ, "ನಮ್ಮಪ್ಪ ಸಣ್ಣಸ್ವಾಮಿ, ಅವ್ರಪ್ಪ ದ್ಯಾವಣ್ಣ, ಅವ್ರವ್ವ ಸಿದ್ದಮ್ಮ. ಕೆರೆ ಏರಿ ಕೆಳ್ಗೆ ನಮ್ ಹೊಲ" ಎಂದು ತಡವರಿಸದೆ ಹೇಳಿದಳು. ಎಲ್ಲರ ಹೆಸರೂ ನೆನಪಿತ್ತು, ತನ್ನ ಹೆಸರಿಗೆ ಓಗೊಡುವುದೊಂದು ಮರೆತಿತ್ತು.

ಆದ್ದರಿಂದ ಅರ್ಜಿಯನ್ನು ಮತ್ತೆ ತೆಗೆಯಿರಿ. ನನ್ನಿಂದ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಿರಿ, ಶಿಕ್ಷೆಯಿದ್ದರೆ ಅದನ್ನೂ ಕೊಡಿ. ರಂಗಮ್ಮನ ಸಾವನ್ನು ಅವಳು ಸತ್ತ ದಿನಕ್ಕೇ ಬರೆಸಿ. ಹುಚ್ಚಮ್ಮನನ್ನು ಕಚೇರಿಗೆ ಕರೆಸಿ, ಆ ಹೆಸರಿನಿಂದಲೇ ಕೂಗಿ. ಅವಳು ತಿರುಗದಿದ್ದರೆ ಸುಳ್ಳುಗಾತಿ ಎನ್ನಬೇಡಿ. ಪಕ್ಕದಲ್ಲಿ ನಾನು ನಿಂತಿರುತ್ತೇನೆ, ನನ್ನ ಮುಖ ನೋಡಿ.

ಇಂತಿ,
ಅಕ್ಷರ ದುಂಡಗಿದೆ ಎಂದು ಹಿಂದೊಮ್ಮೆ ದೊರೆಯಿಂದ ಹೊಗಳಿಸಿಕೊಂಡಿದ್ದ
ಕೆಂಪಣ್ಣ, ನಿವೃತ್ತ ರೈಟರ್
ಅಮ್ಮತ್ತಿ, ಕೊಡಗು ರಾಜ್ಯ, 1954