ಬಲೆ ಖಾಲಿ ಅಂದವನು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅದೇ ಬೀನ್ಸ್, ಅದೇ ಒಣಮಾಂಸ. ಮಸಟ್ಲಾನ್ ಬಂದರು ಬಿಟ್ಟು ಎರಡು ವಾರ ಆಯಿತು, ಹಡಗಿನ ಹೊಟ್ಟೆ ಅರ್ಧವೂ ತುಂಬಿಲ್ಲ. ತುಂಬಿರುವುದು ನನ್ನ ತಲೆ ಮಾತ್ರ. ಕಾರಣ ಯಾದಿರಾ ಕೋಟಾ. ಬಲೆಯಲ್ಲಿ ಡಾಲ್ಫಿನ್ ಸಾಯುತ್ತವೆಯೇ ಅಂತ ಕಾಯಲು ಈ ಸಲ ನಮ್ಮ ತಲೆಗೆ ಕಟ್ಟಿದ ವೀಕ್ಷಕಿ. ಕಾಲೇಜಿನಲ್ಲಿ ಡಾಲ್ಫಿನ್ ಓದಿದವಳಂತೆ. ಹಗ್ಗ ಎಳೆಯುವುದಿಲ್ಲ, ಮೀನು ಮುಟ್ಟುವುದಿಲ್ಲ, ನನಗೆ ಹೀಗೆ ಮಾಡು ಎನ್ನುವ ಹಕ್ಕೂ ಇಲ್ಲ. ನೋಡುವುದು, ಬರೆಯುವುದು. ಅದಕ್ಕೊಂದು ಸಂಬಳ.

ತಿಂಡಿಯ ಹೊತ್ತಿಗೆ ಕೇಳಿದೆ, "ಮೇಡಂ, ಡಾಲ್ಫಿನ್ ಸತ್ರೆ ಬರ್ಕೋತೀರಲ್ಲ, ನನ್ ಹುಡುಗ್ರು ಸತ್ರೆ ಯಾವ ಕಾಲಮ್ಮಿಗೆ ಹಾಕ್ತೀರಿ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರುಫಿನೋ, ನನ್ನ ಭಾಮೈದ. ನಾನು ನಕ್ಕರೆ ನಗುತ್ತಾನೆ, ಕೆಮ್ಮಿದರೆ ನೀರು ತರುತ್ತಾನೆ.

ಅವಳು ಟೋರ್ಟಿಯಾ ರೊಟ್ಟಿ ಮಡಚುತ್ತಾ, "ಅದಕ್ಕೆ ಬೇರೆ ಫಾರಂ ಇದೆ ಕ್ಯಾಪ್ಟನ್. ತರ್ಲಾ?" ಅಂದಳು.

ಕೊಬ್ಬು.

ಮಾರ್ಚ್ 4

ಇವತ್ತು ನನಗೇ ಇವಳ ಪಾಠ. ಡಾಲ್ಫಿನ್ ಹಿಂಡಿನ ಕೆಳಗೆ ಟ್ಯೂನಾ ಮೀನು ಈಜುತ್ತದಂತೆ, ಎರಡಕ್ಕೂ ಸೇರಿಸಿ ಬಲೆ ಸುತ್ತಿದ ಮೇಲೆ ಹಡಗನ್ನು ಹಿಂದಕ್ಕೆ ನಡೆಸಬೇಕಂತೆ, ಆಗ ಬಲೆಯ ಆಚೆ ಅಂಚು ಮುಳುಗಿ ಡಾಲ್ಫಿನ್ ಮೇಲಿಂದ ಜಾರಿ ಹೋಗುತ್ತವಂತೆ, ಒಂದೂ ಉಳಿಯದ ತನಕ ನಿಲ್ಲಿಸಬಾರದಂತೆ... ಇವಳು ಹುಟ್ಟುವ ಮೊದಲಿಂದ ನಾನು ಮಾಡುತ್ತಿರುವ ಕೆಲಸ! ಎಲ್ಲೋ ದೂರದ ದೇಶದಲ್ಲಿ ಡಬ್ಬಿಯ ಮೇಲೆ ನಗುವ ಡಾಲ್ಫಿನ್ ಚಿತ್ರ ಇದ್ದರೇ ಮೀನು ಇಳಿಯುವುದಂತೆ ಜನರ ಗಂಟಲಲ್ಲಿ. ಅವರ ಗಂಟಲಿಗೆ ನನ್ನ ಕುತ್ತಿಗೆ.

ಕುತ್ತಿಗೆಯೇ. ಹೋದ ವರ್ಷ ಹಿಂದಕ್ಕೆ ನಡೆಸುವುದನ್ನು ಬೇಗ ನಿಲ್ಲಿಸಿದೆ ಅಂತ ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನೊಂದು ಸಲ ಆದರೆ ಕ್ಯಾಪ್ಟನ್‌ಗಳ ಪಟ್ಟಿಯಿಂದ ನನ್ನ ಹೆಸರು ಔಟ್. ಈ ಹಡಗಿಗೆ ಮಾಲೀಕನ ತಮ್ಮನ ಮಗ ತುದಿಗಾಲಲ್ಲಿ ನಿಂತಿದ್ದಾನೆ. ಹಡಗಿನ ಮೂತಿಗೂ ಬಾಲಕ್ಕೂ ವ್ಯತ್ಯಾಸ ಗೊತ್ತಿಲ್ಲದವನು.

ಮಾರ್ಚ್ 7, ಸಂಜೆ

ಮಧ್ಯಾಹ್ನ ಮೀನು ಹುಡುಕುವ ನಮ್ಮ ಹೆಲಿಕಾಪ್ಟರಿನವನು ಹಕ್ಕಿ ಕಂಡವು, ಕೆಳಗೆ ಡಾಲ್ಫಿನ್ ಇವೆ ಅಂದ. ಹೋದೆವು, ಸುತ್ತಿದೆವು. ಹಡಗು ಹಿಂದಕ್ಕೆ ಬಿಟ್ಟೆ. ಡಾಲ್ಫಿನ್ ಸಾಲುಸಾಲಾಗಿ ಹೊರಬಿದ್ದವು. ಆಮೇಲೆ ಟ್ಯೂನಾ ಕೂಡ ಅದೇ ಅಂಚಿನ ಕಡೆ ತಿರುಗಿತು. ದೊಡ್ಡ ಮೀನು, ಹೊರಟ ದಿನದಿಂದ ಹುಡುಕಿದ್ದು. ಇನ್ನೊಂದು ನಿಮಿಷ ಬಿಟ್ಟರೆ ಎಲ್ಲ ಕೈತಪ್ಪುತ್ತಿತ್ತು.

ಮೇಲಿಂದ ಯಾದಿರಾಳ ಕೂಗು. "ಕ್ಯಾಪ್ಟನ್, ಇನ್ನೂ ಇವೆ. ಕೆಳಗೆ ಮಲಗಿಬಿಟ್ಟಿವೆ."

ಕೆಲವು ಹಾಗೆ ಮಾಡುತ್ತವೆ. ಹೆದರಿ ಬಲೆಯ ತಳದಲ್ಲಿ ನಿದ್ದೆ ಬಂದಂತೆ ಬಿದ್ದುಕೊಳ್ಳುತ್ತವೆ, ಸತ್ತಿರುವುದಿಲ್ಲ.

"ಮೇಡಂಗೆ ಹಗಲುಗನಸು," ಅಂದೆ. ಬಲೆಯೊಳಗೆ ರಬ್ಬರ್ ದೋಣಿಯಲ್ಲಿ ರುಫಿನೋ ಇದ್ದ. ನೀರೊಳಗೆ ತಲೆಯಿಟ್ಟು ನೋಡುವುದು, ಉಳಿದವನ್ನು ಕೈಯಿಂದ ದಾಟಿಸುವುದು ಅವನ ಕೆಲಸ. "ಖಾಲಿ ತಾನೇ?" ಅಂತ ಕೂಗಿದೆ.

ತಲೆ ಮುಳುಗಿಸಿದ. ಎತ್ತಿದ. ನನ್ನ ಕಡೆ ನೋಡಿದ. ಹೆಬ್ಬೆರಳು ಎತ್ತಿದ.

ನಿಲ್ಲಿಸಿದೆ. ಮೀನು ಉಳಿಯಿತು. ಬಲೆ ಎತ್ತಿದಾಗ ಮೀನಿನ ನಡುವೆ ಸತ್ತ ಡಾಲ್ಫಿನ್ ಬಂದವು, ಒಂದಾದ ಮೇಲೊಂದು.

ಮಾರ್ಚ್ 8

ಯಾದಿರಾ ರುಫಿನೋನನ್ನು ಕರೆದುಕೊಂಡೇ ನನ್ನ ಹತ್ತಿರ ಬಂದಳು. "ಬಲೆ ಖಾಲಿ ಅಂತ ತೀರ್ಮಾನ ಮಾಡಿದ್ದು ಯಾರು?"

ಬಾಯಿ ತೆರೆದೆ. ಏನು ಹೇಳಲಿದ್ದೆನೋ ಗೊತ್ತಿಲ್ಲ.

"ನಾನೇ ಮೇಡಂ," ಅಂದ ರುಫಿನೋ. "ನನ್ ಕಣ್ತಪ್ಪು. ಭಾವಂದೇನೂ ಇಲ್ಲ ಇದ್ರಲ್ಲಿ."

ಅವಳು ನನ್ನನ್ನೇ ನೋಡಿದಳು. "ನೀವೇನಾದ್ರೂ ಹೇಳೋದಿದ್ಯಾ?"

"ಅವನೇ ಹೇಳಿದ್ನಲ್ಲ."

ಬರೆದುಕೊಂಡು ಹೋದಳು. ಮಸಿ ಅವನ ಹೆಸರಿಗೆ, ನನ್ನ ಹೆಸರು ಪಟ್ಟಿಯಲ್ಲಿ ಭದ್ರ.

ಆಮೇಲೆ ಬೈದೆ. "ಕಣ್ಣು ಎಲ್ಲಿಟ್ಟಿದ್ಯೋ ಕತ್ತೆ?"

"ನಿಮ್ ಮುಖದ ಮೇಲೆ ಭಾವ. ನೀರಲ್ಲಿ ಕಂಡ್ವು. ತಲೆ ಎತ್ತಿದ್ರೆ ನಿಮ್ ಮುಖ ಕಾಣ್ತು. ಇವೆ ಅನ್ನೋಕೆ ಆಗ್ಲಿಲ್ಲ."

ಬೆನ್ನುಮೂಳೆ ಇಲ್ಲದವನು. ಥೂ. ಹದಿನೈದು ವರ್ಷದಿಂದ ಜೊತೆಗಿದ್ದಾನೆ, ಒಮ್ಮೆಯೂ ಎದುರು ಮಾತಾಡಿಲ್ಲ... ಮಾತಾಡಲು ಬಿಟ್ಟಿದ್ದೆನೇ?

ನಾಚಿಕೆಯಾಯಿತು. ಇಲ್ಲಿ ಬರೆದೆ, ಅಷ್ಟೇ.

ಮಾರ್ಚ್ 13, ಊಟದ ನಂತರ

ಮತ್ತೆ ಸುತ್ತಿದೆವು. ಮತ್ತೆ ಹಾಗೇ, ಡಾಲ್ಫಿನ್ ದಾಟಿದವು, ಟ್ಯೂನಾ ಅಂಚಿಗೆ ತಿರುಗಿತು. ದೋಣಿಯಲ್ಲಿ ರುಫಿನೋ. "ಖಾಲಿ ತಾನೇ?" ಅಂದೆ, ಅಭ್ಯಾಸಬಲ.

ತಲೆ ಮುಳುಗಿಸಿದ. ಎತ್ತಿದ. ನನ್ನ ಕಡೆ ತಿರುಗಲಿಲ್ಲ. ಮೇಲೆ ನಿಂತಿದ್ದ ಯಾದಿರಾಳ ಕಡೆ ತಿರುಗಿ ಎರಡೂ ಕೈ ಎತ್ತಿ ಕೂಗಿದ, "ಇವೆ. ನಿಲ್ಲಿಸ್ಬೇಡಿ."

ಡೆಕ್ಕಿನವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. "ಹಿಂದಕ್ಕೇ ನಡೀಲಿ," ಅಂದೆ. ನನ್ನ ಕಣ್ಣೆದುರೇ ಮೀನು ಹೋಯಿತು, ಮುಕ್ಕಾಲು ಪಾಲು. ಕೊನೆಗೆ ಅವನು ನೀರಿಗಿಳಿದು ತಳದಲ್ಲಿ ಮಲಗಿದ್ದವನ್ನು ತಬ್ಬಿ ತಬ್ಬಿ ಆಚೆ ದಾಟಿಸಿದ. ಒಂದೂ ಸಾಯಲಿಲ್ಲ.

ಊಟಕ್ಕೆ ಪಕ್ಕದಲ್ಲಿ ಜಾಗ ಬಿಟ್ಟು ಕರೆದೆ. ತಟ್ಟೆ ಹಿಡಿದು ನಿಂತ.

"ಮೀನು ಹೋಯ್ತಲ್ಲೋ."

"ಹೋಯ್ತು, ಕ್ಯಾಪ್ಟನ್."

ಕ್ಯಾಪ್ಟನ್ ಅಂದ. ನನ್ನ ಮದುವೆಯ ದಿನದಿಂದ ಭಾವ ಅಂತಲೇ ಕರೆದವನು. ಹೋಗಿ ಅಡುಗೆಯವನ ಪಕ್ಕ ಕೂತು ಉಂಡ. ಕೋಪ ತೋರಿಸಿದ್ದರೆ ಬೈಯಬಹುದಿತ್ತು.

ಬಂದರಿಗೆ ಇವನ ಅಕ್ಕ, ನನ್ನ ಹೆಂಡತಿ, ಬಂದಿರುತ್ತಾಳೆ. ತಮ್ಮ ಯಾಕೆ ನಿಮ್ಮ ಜೊತೆ ಇಳಿಯಲಿಲ್ಲ ಅಂತ ಎಲ್ವಿರಾ ಕೇಳಿದರೆ, ನಾನು ಅವಳಿಗೆ—