ದಾನಮ್ಮತ್ತೆ ಕಾದ ಮಂಜುಗಡ್ಡೆ

ಟೈಟನ್, ಕ್ರಿ.ಶ. ೨೭೪೧

ಭೂಮಿಯ ಹಿರಿಯರಿಗೆ ನೀಲಗಂಗೆಯ ನಮಸ್ಕಾರಗಳು.

ನಿಮಗಿಂತ ಏಳು ನೂರು ವರ್ಷ ಮುಂದೆ, ಶನಿಯ ಚಂದ್ರನೊಂದರ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಮ್ಮ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ‘ಗೂಡುಮಂಜು’ ಎಂಬುದನ್ನಂತೂ ಬಿಡಿಸಿ ಹೇಳಲೇಬೇಕು: ನೀರಿನ ಅಣುಗಳು ಒಂದಕ್ಕೊಂದು ಕೂಡಿ ಸಾಲುಸಾಲು ಗೂಡುಗಳಾಗಿ, ಗೂಡುಗಳೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡ ಮಂಜುಗಡ್ಡೆ ಅದು.

ನಮ್ಮ ಪೂರ್ವಿಕರು ನಿಮ್ಮ ದಕ್ಷಿಣ ಧ್ರುವದ ಆಳದಿಂದ ಅಂಥದ್ದೊಂದು ಗಡ್ಡೆ ತಂದಿದ್ದರು. ಮನುಷ್ಯ ಹೊಲ ಉಳುವುದಕ್ಕೂ ಮೊದಲಿನ ಗಾಳಿ ಅದರಲ್ಲಿತ್ತು. ಭೂಮಿಯ ಆ ಮಂಜೆಲ್ಲ ಕರಗಿದ ಮೇಲೆ ಉಳಿದದ್ದು ಇದೊಂದೇ. ನನ್ನ ಸೋದರತ್ತೆ ದಾನಮ್ಮ ಅದನ್ನು ನೋಡಿಕೊಳ್ಳುತ್ತಿದ್ದರು; ಮದುವೆಯೂ ಒಲ್ಲೆನೆಂದು ಅದರ ಬಳಿಯೇ ವಯಸ್ಸು ಕಳೆದವರು.

ಕಳೆದ ವರ್ಷ ಗಡ್ಡೆ ಬಿರುಕು ಬಿಟ್ಟಿತು. ಬಿರುಕು ಬೆಸೆಯಲೆಂದು ಅತ್ತೆ ಅದನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಕೊರೆಯುವ ಚಳಿಯಲ್ಲೇ ಮೆಲ್ಲಗೆ ಒತ್ತಡ ಕೊಡತೊಡಗಿದರು. ಒಳಗಿನ ಗೂಡುಗಳ ಕ್ರಮ ಕ್ಷ-ಕಿರಣದ ಪರದೆಯ ಮೇಲೆ ರಂಗೋಲಿಯ ಚುಕ್ಕಿಗಳಂತೆ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಒತ್ತಡ ಹಿಡಿತ ತಪ್ಪಿ ಏರಿತು. ಪಂಪು ನಿಲ್ಲಿಸುವಷ್ಟರಲ್ಲಿ ಮಿತಿ ದಾಟಿತ್ತು. ಇಳಿಸುವ ವಾಲ್ವು ಚಳಿಗೆ ಕಚ್ಚಿಕೊಂಡು ತಿರುಗಲೊಲ್ಲದು. ನಾನು ಹೀಟರ್ ತರಲು ಓಡಿದೆ.

“ಕಾಸಬ್ಯಾಡ ನೀಲಾ! ಕಾಸಿದ್ರ ಗಡ್ಡಿ ಕರಗಿ ಗಾಳಿಯೆಲ್ಲಾ ಹಾರಿಹೋಗತೈತಿ.”

“ಹಂಗ ಬಿಟ್ರ ಗೂಡು ಮುರೀತಾವಲ್ಲ ಅತ್ತಿ!”

ಪರದೆಯ ಚುಕ್ಕಿಗಳು ನಮ್ಮ ಕಣ್ಣೆದುರೇ ಮಾಸುತ್ತ ಹೋಗಿ, ಕೊನೆಗೆ ಅವುಗಳ ಜಾಗದಲ್ಲಿ ಮಸುಕು ಬಳೆಯೊಂದು ಉಳಿಯಿತು. ಗಡ್ಡೆ ಕರಗಲಿಲ್ಲ, ಒಡೆಯಲೂ ಇಲ್ಲ. ಗೂಡುಗಳು ಮಾತ್ರ ಕುಸಿದು, ಸಾಲೆಂಬುದೇ ಇಲ್ಲದೆ ಕಲಸಿಹೋದವು.

ಒತ್ತಡ ಇಳಿದ ಮೇಲೆ ಕೆಲವು ಗೂಡುಮಂಜುಗಳು ಹಳೆಯ ಆಕಾರಕ್ಕೆ ಮರಳುವುದುಂಟು. ಒಳಗೆ ಸಿಕ್ಕಿದ ಗಾಳಿಯೇ ಅವಕ್ಕೆ ಅಚ್ಚಾಗುತ್ತದೆ. ಆ ಆಸೆಯಿಂದ ಮರುದಿನ ಪಂಪನ್ನೇ ಕಳಚಿ ಒತ್ತಡ ಇಳಿಸಿದೆವು. ಅತ್ತೆ ಊಟ ಬಿಟ್ಟು ಪರದೆಯ ಮುಂದೆ ಕೂತರು. ಒಂದು ಚುಕ್ಕಿಯೂ ಮೂಡಲಿಲ್ಲ.

“ಗಾಳಿ ಒಳಗ ಐತೇನು?” ಎಂದು ಕೇಳಿದರು.

“ಐತಿ ಅತ್ತಿ.”

“ಮತ್ತ ಹೋದದ್ದೇನು, ನೀಲಾ?”

ಪರದೆಯ ಮೇಲೆ ಮೊದಲು ಚುಕ್ಕಿಗಳ ಸಾಲಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಇನ್ನು ಗಡ್ಡೆಯನ್ನು ತಣ್ಣಗಿಡುವ ಶೀತಯಂತ್ರ ಆರಿಸಿದರೆ ವಿದ್ಯುತ್ತಾದರೂ ಉಳಿದೀತೆಂದು ಊರವರು ಹೇಳುತ್ತಾರೆ. ಅತ್ತೆ ಯಾರಿಗೂ ಎದುರಾಡುವುದಿಲ್ಲ, ಆರಿಸಲೂ ಬಿಡುವುದಿಲ್ಲ.

ನಿಮ್ಮ ಕಾಲದಲ್ಲಿ ಆ ಮಂಜು ದಕ್ಷಿಣ ಧ್ರುವದ ಆಳದಲ್ಲಿ ಇನ್ನೂ ಇದೆ, ಸಾಲು ತಪ್ಪದೆ. ಉಳಿಸಿಕೊಳ್ಳಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನೀವು ಉಳಿಸಿಕೊಳ್ಳಲಿಲ್ಲವೆಂಬುದು ನಮಗೆ ಗೊತ್ತಿದೆ. ಒಮ್ಮೆ ಹೋಗಿ ನೋಡಿಯಾದರೂ ಬನ್ನಿ.

ನಿಮ್ಮ,
ನೀಲಗಂಗೆ