ನಾಲ್ಕು ಕಂಬಗಳಿಗೆ ಒಂದೇ ನಂಬರು

ಕ್ರಿ.ಶ. ೨೨೧೪, ಹದಿಮೂರನೆಯ ತಿಂಗಳ ಎರಡನೆಯ ದಿನ
ಕೆಂಗಲ್ಲು ಬಯಲು

ಕಂಬಗಳಿಗೆ ನಂಬರು ಬರೆಸಿದ ಸಾಹೇಬರಿಗೆ,

ಹದಿಮೂರನೆಯ ತಿಂಗಳೆಂದರೆ ನಿಮಗೆ ವಿಚಿತ್ರವೆನಿಸೀತು. ಬೇಸಿಗೆ ಮುಗಿಯದೆ ಹೋದಾಗ ನಮ್ಮ ಹಿರಿಯರು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿದರು. ನಿಮಗೆ ಒಗ್ಗದ ಬೇರೆ ಮಾತು ಸಿಕ್ಕರೂ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಹುಲಿಗೆಮ್ಮ. ಇಲ್ಲಿ ನಾನು ಎಣಿಕೆಯವಳು. ಲೈನು ಕೆಟ್ಟಾಗ ಸ್ಟೇಷನ್ನಿನಿಂದ ತಂತಿಗೆ ಒಂದು ಮಿಡಿತ ಕಳಿಸುತ್ತೇನೆ. ತಂತಿ ಹರಿದಲ್ಲಿಗೆ ಬಡಿದು ಅದು ಹಿಂದಿರುಗುತ್ತದೆ. ಹೋಗಿಬಂದ ಹೊತ್ತಿನಿಂದ ದೂರ ತಿಳಿಯುತ್ತದೆ, ನಿಮ್ಮ ಕಾಲದ ಪುಸ್ತಕ ನೋಡಿ ಕಂಬದ ನಂಬರು ಹೇಳುತ್ತೇನೆ. ಕಿಲೋಮೀಟರಿನಷ್ಟು ಹೆಚ್ಚುಕಡಿಮೆ ಆಗುವುದುಂಟು. ಅದಕ್ಕೇ ಲೈನಿನ ಎರಡೂ ಕಡೆಯಿಂದ ಒಂದೊಂದು ತಂಡ ಆ ಕಂಬಕ್ಕೆ ನಡೆದು ಬರುತ್ತದೆ. ಎರಡೂ ತಂಡ ಸೇರಿದ ಮೇಲೆ ವೈರ್‌ಲೆಸ್ಸಿನಲ್ಲಿ ಹಿರಿಯನೊಬ್ಬನೇ ಮಾತಾಡಬೇಕು, ಕಿರಿಯರು ಸುಮ್ಮನಿರಬೇಕು. ಇದು ನಮ್ಮ ಪದ್ಧತಿ.

ನಮ್ಮ ಮಧ್ಯಾಹ್ನಗಳನ್ನು ನೀವು ಕಂಡಿಲ್ಲ. ಹನ್ನೊಂದಾಗುತ್ತಲೇ ಊರಿಗೆ ಊರೇ ತಂಪುಮನೆಗೆ ಇಳಿಯುತ್ತದೆ. ನೆಲದಡಿಯ ದೊಡ್ಡ ಹಜಾರ, ಕರೆಂಟಿನಿಂದ ತಂಪಾಗಿರುತ್ತದೆ. ರೊಟ್ಟಿ ಬುತ್ತಿ, ಕೌದಿ, ತೊಟ್ಟಿಲು ಎಲ್ಲವೂ ಅಲ್ಲಿಗೇ. ಕರೆಂಟು ಹೋದರೆ ಮುದುಕರು ಎರಡು ತಾಸು ತಾಳುತ್ತಾರೆ, ಮೂರನೆಯದನ್ನು ತಾಳುವುದಿಲ್ಲ. ಹಾಳುಬಿದ್ದಿದ್ದ ನಿಮ್ಮ ಲೈನನ್ನು ನಾಲ್ಕು ವರ್ಷದ ಹಿಂದೆ ನಾವು ಎಬ್ಬಿಸಿ ನಿಲ್ಲಿಸಿದ್ದು ಅದಕ್ಕಾಗಿಯೇ.

ಹೋದ ತಿಂಗಳು ಲೈನು ನಿಂತಿತು. ನಮ್ಮವ್ವ ತಂಪುಮನೆಯಲ್ಲಿದ್ದಳು. ನಲವತ್ತೊಂದನೆಯ ಕಿಲೋಮೀಟರು, ನೂರಾ ಹದಿನೆಂಟನೆಯ ಕಂಬ ಎಂದೆ. ಪಡುವಣದಿಂದ ಹಿರಿಯ ಮಾರಿಸಿದ್ದಪ್ಪನ ತಂಡ ಹೊರಟಿತು, ಮೂಡಣದಿಂದ ನನ್ನ ತಮ್ಮ ಯಂಕೋಬನದು. ತಂತಿಯನ್ನು ನೆಲಕ್ಕೆ ಬಿಗಿದು, ತಪ್ಪಿ ಕರೆಂಟು ಬಂದರೂ ಮಣ್ಣಿಗಿಳಿಸಿ ಜೀವ ಕಾಯುವ ಸರಪಳಿ ನಮ್ಮಲ್ಲಿ ಉಳಿದಿರುವುದು ಒಂದೇ. ಅದು ಮಾರಿಸಿದ್ದಪ್ಪನ ಹೆಗಲ ಮೇಲಿತ್ತು.

ಮೊದಲು ಯಂಕೋಬ ಕರೆದ. “ಅಕ್ಕಾ, ನೂರಾ ಹದಿನೆಂಟರಾಗ ತಂತಿ ಹರದು ಬಿದ್ದೈತಿ. ಜೋಡಸಾಕತ್ತೀವಿ, ಸ್ವಲ್ಪ ತಡಿ.” ಅರ್ಧ ತಾಸಿನ ಮೇಲೆ ಮಾರಿಸಿದ್ದಪ್ಪನ ದನಿ: “ನೂರಾ ಹದಿನೆಂಟು ಸರಿ ಐತೆವಾ. ತಂತಿ ಮ್ಯಾಗೈತಿ, ನಾವೆಲ್ಲಾ ದೂರ ಸರದೀವಿ.”

ಎರಡೂ ತಂಡ ಸೇರಿದವು, ಹಿರಿಯನು ಎಲ್ಲರ ಪರವಾಗಿ ಹೇಳಿದ ಎಂದುಕೊಂಡೆ. ತಂತಿ ಜೋಡಿಸಿದ್ದು ಯಾರು ಎಂದು ಕೇಳಲಿಲ್ಲ. ಅವ್ವನ ಮುಖ ಕಣ್ಣ ಮುಂದಿತ್ತು. ಕರೆಂಟು ಬಿಟ್ಟೆ. ಅದು ಒಂದು ಕ್ಷಣ ನಿಂತು ಮತ್ತೆ ಹೋಯಿತು. ಆ ಒಂದು ಕ್ಷಣದಲ್ಲೇ ನನ್ನ ತಮ್ಮ ಸತ್ತ.

ಆಮೇಲೆ ತಿಳಿಯಿತು. ನಿಮ್ಮ ಕಾಲದಲ್ಲಿ ಕಲ್ಲುಗಣಿಗೆಂದು ಲೈನನ್ನು ಗುಡ್ಡ ಬಳಸಿ ತಿರುಗಿಸಿ, ನಡುವೆ ಮೂರು ಕಂಬ ಹೆಚ್ಚಿಗೆ ನೆಟ್ಟಿದ್ದೀರಿ. ಮುಂದಿನ ನಂಬರುಗಳೆಲ್ಲ ಕೆಡಬಾರದೆಂದು ಅವಕ್ಕೆ ೧೧೮ ಎ, ಬಿ, ಸಿ ಎಂದು ಹೆಸರಿಟ್ಟಿದ್ದೀರಿ. ಬೋರ್ಡಿನ ಮೇಲೆ ಮಾತ್ರ ನಾಲ್ಕಕ್ಕೂ ಬರೀ ೧೧೮. ಲೈನು ಎಬ್ಬಿಸುವಾಗ ಆ ನಾಲ್ಕು ಕಂಬ ಗಟ್ಟಿಯಾಗಿಯೇ ಇದ್ದುದರಿಂದ ನಾವು ಬೋರ್ಡು ನೋಡಿರಲಿಲ್ಲ. ಪಡುವಣದಿಂದ ಬಂದವರು ಮೊದಲನೆಯದರ ಬಳಿ ನಿಂತಿದ್ದರು, ಮೂಡಣದಿಂದ ಬಂದವನು ಕೊನೆಯದರ ಬಳಿ. ಮಾರಿಸಿದ್ದಪ್ಪ ಸರಿ ಇದೆ ಎಂದದ್ದು ತನ್ನ ಮುಂದಿನ ಕಂಬವನ್ನಷ್ಟೇ. ಗುಡ್ಡ ಅಡ್ಡವಿದ್ದುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲಿಲ್ಲ. ಸ್ಟೇಷನ್ನಿನ ತುಕ್ಕು ಹಿಡಿದ ಬೀರುವಿನಲ್ಲಿ ಇದೆಲ್ಲ ಬರೆದ ನಿಮ್ಮ ಚೀಟಿ ಸಿಕ್ಕಿತು, ಕೊನೆಯ ಸಾಲು: “ಅಕ್ಷರ ಆಮೇಲೆ ಬರೆಸುವುದು.” ಸಹಿಯನ್ನು ಗೆದ್ದಲು ತಿಂದಿದೆ.

ಸಂಜೆಗೆ ಕರೆಂಟು ಬಂತು. ಅಷ್ಟರಲ್ಲಿ ತಂಪುಮನೆಯಲ್ಲಿ ಒಂಬತ್ತು ಜನ ಮುದುಕರು ತೀರಿಕೊಂಡಿದ್ದರು, ಅವ್ವ ಉಳಿದಳು. ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಪ್ಪು ನನ್ನದೂ ಹೌದು ಸಾಹೇಬರೇ, ನಿಮ್ಮೊಬ್ಬರದೇ ಎನ್ನಲಾರೆ.

ಈ ಕಾಗದ ನಿಮಗೆ ಹೇಗೆ ತಲುಪೀತೋ ಗೊತ್ತಿಲ್ಲ. ತಂತಿಗೆ ಬಿಟ್ಟ ಮಿಡಿತ ಹಿಂದಕ್ಕೆ ಬರುತ್ತದೆ, ಕಾಗದವೂ ಬರಲಿ ಎಂಬ ಹುಚ್ಚು ಆಸೆ ಅಷ್ಟೇ. ತಲುಪಿದರೆ ಊಟ ಆಮೇಲೆ ಮಾಡಿ. ಒಂದು ಡಬ್ಬಿ ಬಣ್ಣ, ಒಂದು ಬ್ರಷ್ಷು ಹಿಡಿದು ಗುಡ್ಡದ ಕಡೆ ನಡೆಯಿರಿ.

ನಾನು ನಿನ್ನೆ ಹೋಗಿದ್ದೆ. ಎ ಬರೆದೆ, ಬಿ ಬರೆದೆ. ಕೊನೆಯ ಕಂಬದ ಬುಡದಲ್ಲಿ ಹುಲ್ಲು ಇನ್ನೂ ಸುಟ್ಟೇ ಇದೆ, ಅಲ್ಲಿ ನನ್ನ ಕೈ ಏಳಲಿಲ್ಲ. ಅದೊಂದನ್ನು ನೀವೇ ಬರೆಯಿರಿ.

ಹುಲಿಗೆಮ್ಮ